ಎರಡು ಕಡಲಿಗೆ ನೀರೆರೆಯುವ ನಾಡು

ಕೊಡಗನ್ನು ನೋಡಬಂದವರು ಸಾಮಾನ್ಯವಾಗಿ ಮಡಿಕೇರಿಯಲ್ಲಿ ಇಳಿದು, ಅರಸರ ಕೋಟೆಯನ್ನೂ ರಾಜಾಸೀಟಿನ ಸೂರ್ಯಾಸ್ತವನ್ನೂ ಕಂಡು, ನಾಡೆಲ್ಲವನ್ನೂ ಕಂಡೆವೆಂಬ ತೃಪ್ತಿಯಿಂದ ಹಿಂದಿರುಗುವುದುಂಟು. ಆದರೆ ಈ ಮಲೆನಾಡಿನ ಪರಿಚಯಕ್ಕೆ ಪಾಲಿಬೆಟ್ಟವೇ ಹೆಚ್ಚು ತಕ್ಕ ಬಾಗಿಲು. ಹೆಸರಿನಲ್ಲಿ ಬೆಟ್ಟವಿದ್ದರೂ ಇಲ್ಲಿ ಮುಗಿಲು ಮುಟ್ಟುವ ಶಿಖರಗಳಿಲ್ಲ. ಅಮ್ಮತ್ತಿ, ಸಿದ್ದಾಪುರ, ಗೋಣಿಕೊಪ್ಪಗಳ ನಡುವೆ ಅಲೆಯಲೆಯಾಗಿ ಏರಿಳಿಯುವ ನೆಲ. ಸಿಲ್ವರ್ ಮರಗಳ ಸಾಲು. ಅವನ್ನು ತಬ್ಬಿದ ಮೆಣಸಿನ ಬಳ್ಳಿ. ಅವುಗಳ ನೆರಳಿನಲ್ಲಿ ಕಾಫಿ. 1,748 ಮೀಟರ್ ಎತ್ತರದ ತಡಿಯಂಡಮೋಳು ಪಶ್ಚಿಮಕ್ಕೆ ದೂರದಲ್ಲಿದೆ. ಮಲೆಯನ್ನು ಕಾಣದೆಯೂ ಮಲೆಯ ಕೃಪೆಯಿಂದ ಬದುಕುವುದು ಹೇಗೆಂಬುದು ಇಲ್ಲಿ ತಿಳಿಯುವಷ್ಟು ಶಿಖರದ ಮೇಲೆ ನಿಂತವನಿಗೆ ತಿಳಿಯದು.

ಆ ಕೃಪೆಯೆಂದರೆ ಮಳೆ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರಿಗೂ ಮೇಲೆ ಸುರಿಯುವ ಮಳೆ, ಪೂರ್ವದ ಕುಶಾಲನಗರವನ್ನು ಮುಟ್ಟುವ ವೇಳೆಗೆ ಅದರ ನಾಲ್ಕನೆಯ ಒಂದು ಪಾಲಿಗೆ ಇಳಿದಿರುತ್ತದೆ. ಘಟ್ಟದ ಬೆನ್ನಿನ ಆಚೆಗೆ ಬಿದ್ದ ಹನಿ ಬಾರಪೊಳೆಯನ್ನೋ ಚಂದ್ರಗಿರಿಯನ್ನೋ ಸೇರಿ ಕೆಲವೇ ಹರದಾರಿಗಳಲ್ಲಿ ಅರಬ್ಬೀ ಸಮುದ್ರವನ್ನು ಕಾಣುತ್ತದೆ; ಈಚೆಗೆ ಬಿದ್ದುದು ಕಾವೇರಿಯಾಗಿ, ಸಿದ್ದಾಪುರದ ಬಳಿ ಹಾದು, ಮೈಸೂರು ಸೀಮೆಯನ್ನೂ ತಮಿಳುನಾಡನ್ನೂ ದಾಟಿ ಬಂಗಾಳ ಕೊಲ್ಲಿಗೆ ಸಲ್ಲುತ್ತದೆ. ಒಂದೇ ಮೋಡದ ಮಕ್ಕಳಿಗೆ ಇಂತಹ ಭಿನ್ನವಾದ ಹಣೆಬರಹ!

ಅಮೆರಿಕದ ಪಶ್ಚಿಮ ಭಾಗದಲ್ಲಿ ಕೊಲೊರಾಡೊ ಎಂಬ ಪರ್ವತಮಯ ರಾಜ್ಯವೊಂದಿದೆ. ವಿಸ್ತೀರ್ಣದಲ್ಲಿ ಅದು ಅರವತ್ತಕ್ಕೂ ಹೆಚ್ಚು ಕೊಡಗುಗಳನ್ನು ಒಡಲಲ್ಲಿಟ್ಟುಕೊಳ್ಳಬಲ್ಲುದು. ಅದರ ನಡುವೆಯೂ ಇಂತಹದೇ ನೀರ್ಗೆರೆ ಹಾದಿದ್ದು, ಒಂದು ಮಗ್ಗುಲಿನ ಹಿಮದ ನೀರು ಶಾಂತಸಾಗರದ ದಿಕ್ಕಿಗೂ ಇನ್ನೊಂದರದು ಅಟ್ಲಾಂಟಿಕ್ಕಿನ ದಿಕ್ಕಿಗೂ ಹರಿಯುತ್ತದೆ. ಅಲ್ಲಿ ಹಿಮವೂ ಮಳೆಯೂ ಹೆಚ್ಚಾಗಿ ಬೀಳುವುದು ಪಶ್ಚಿಮದಲ್ಲಿ, ಜನ ತುಂಬಿರುವುದು ಪೂರ್ವದಲ್ಲಿ. ಆದುದರಿಂದ ಪರ್ವತದ ಕೆಳಗೆ ಸುಮಾರು 21 ಕಿಲೋಮೀಟರ್ ಉದ್ದದ ಸುರಂಗವನ್ನು ಕೊರೆದು, 1947ರಲ್ಲಿ ನೀರನ್ನು ಪೂರ್ವಕ್ಕೆ ತಿರುಗಿಸಿದರು. ಕೊಡಗಿನಲ್ಲಿ ಆ ಶ್ರಮ ಯಾರಿಗೂ ಬೀಳಲಿಲ್ಲ. ಕಾವೇರಿ ತಾನಾಗಿಯೇ ಪೂರ್ವಕ್ಕೆ ಹೊರಟವಳು. ಕೇಳದೆ ಬಂದುದರ ಬೆಲೆಯನ್ನು ಯಾರೂ ವಿಚಾರಿಸುವುದಿಲ್ಲವಷ್ಟೆ.

ಹೊರಗಿನವರು ಈ ಎರಡು ಮಲೆಗಳನ್ನು ಏರಿದ ಕಾಲವೂ ಹೆಚ್ಚುಕಡಮೆ ಒಂದೇ. ಕೊಲೊರಾಡೊಗೆ 1859ರಲ್ಲಿ ಚಿನ್ನದ ಆಸೆಯಿಂದ ಜನ ನುಗ್ಗಿದರು. ಕೊಡಗಿನಲ್ಲಿ 1854ರಲ್ಲಿ ಮಡಿಕೇರಿಯ ಹತ್ತಿರ ಮೊದಲ ಯೂರೋಪಿಯನ್ ಕಾಫಿ ತೋಟ ಎದ್ದಿತು. ಮುಂದೆ ಕಾಂಡಕೊರಕ ಹುಳುವಿನ ಹಾವಳಿ ತಲೆದೋರಲು, ನೆರಳಿಲ್ಲದೆ ಕಾಫಿ ಉಳಿಯದೆಂದು ತೋಟಗಾರರು ಕಲಿತರು. ಪೂರ್ವದ ಬಿದಿರುಸೀಮೆಗೆ ಅವರು ಇಳಿದುಬಂದ ಗುರುತಾಗಿ ಪಾಲಿಬೆಟ್ಟದಲ್ಲಿ ಬ್ಯಾಂಬೂ ಕ್ಲಬ್ ಉಳಿದಿದೆ. ಕನ್ಸಾಲಿಡೇಟೆಡ್ ಕಾಫಿ ಕಂಪನಿ ಈ ಊರನ್ನೇ ನೆಲೆ ಮಾಡಿಕೊಂಡು, ತರುವಾಯ ಟಾಟಾ ಸಂಸ್ಥೆಯ ಕೈಸೇರಿತು. 1893ರಲ್ಲಿ ಬೆಳ್ಳಿಯ ಬೆಲೆ ಕುಸಿದಾಗ ಕೊಲೊರಾಡೊದ ಎಷ್ಟೋ ಗಣಿಯೂರುಗಳು ಬರಿದಾದುವು. ಕಾಫಿ ಹಾಗಲ್ಲ, ಅದು ಬಂದವರನ್ನು ಕಟ್ಟಿಹಾಕುತ್ತದೆ. ಪಾಲಿಬೆಟ್ಟದ ಸಂತೆಯಲ್ಲಿ ಕೊಡವ ತಕ್ಕ್, ಕನ್ನಡ, ಅರೆಭಾಷೆ, ಮಲೆಯಾಳ, ತುಳು, ತಮಿಳು, ಯರವರ ನುಡಿ, ಎಲ್ಲವೂ ಕಿವಿಗೆ ಬೀಳುವುದಕ್ಕೆ ಇದೇ ಕಾರಣ. ಬೇಸಗೆಯಲ್ಲಿ ಹೂಮಳೆ ಬಿತ್ತೆ ಎಂಬ ಪ್ರಶ್ನೆಯನ್ನು ಈ ಎಲ್ಲ ಭಾಷೆಗಳಲ್ಲಿಯೂ ಒಂದೇ ಕಾತರದಿಂದ ಕೇಳುತ್ತಾರೆ. ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂತೆ ಕಮ್ಮಗಿರುತ್ತದೆ; ಆ ಬಿಳುಪಿನಲ್ಲೇ ಮುಂದಿನ ವರ್ಷದ ಸಾಲದ ಲೆಕ್ಕವೂ ಅಡಗಿರುತ್ತದೆ.

ಈ ಪುಟ್ಟ ನಾಡೂ ಒಮ್ಮೆ ರಾಜ್ಯವಾಗಿತ್ತೆಂಬುದನ್ನು ಇಂದಿನ ತರುಣರು ಅಷ್ಟಾಗಿ ಅರಿಯರು. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಪಟ್ಟ ಕಳೆದುಕೊಂಡ ಮೇಲೆ ಇಂಗ್ಲಿಷರ ಕಮಿಷನರುಗಳ ಆಡಳಿತ ನಡೆಯಿತು. 1950ರಲ್ಲಿ ಕೊಡಗು ಭಾರತದ ‘ಸಿ’ ದರ್ಜೆಯ ರಾಜ್ಯವಾಯಿತು. ಸುಮಾರು 2,30,000 ಜನ, 24 ಮಂದಿಯ ವಿಧಾನಸಭೆ, ಸಿ. ಎಂ. ಪೂಣಚ್ಚನವರೂ ಕುಟ್ಟೂರು ಮಲ್ಲಪ್ಪನವರೂ ಸೇರಿದ ಇಬ್ಬರದೇ ಮಂತ್ರಿಮಂಡಲ! 1952ರ ಚುನಾವಣೆಯಲ್ಲಿ ಮೈಸೂರಿನೊಡನೆ ವಿಲೀನವನ್ನು ಬಯಸಿದ ಕಾಂಗ್ರೆಸ್ಸಿಗೆ 15 ಸ್ಥಾನಗಳೂ, ಬೇಡವೆಂದ ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಪಕ್ಷಕ್ಕೆ 9 ಸ್ಥಾನಗಳೂ ದೊರೆತುವು. 1956ರ ನವೆಂಬರ್ 1ರಂದು ರಾಜ್ಯವು ಜಿಲ್ಲೆಯಾಯಿತು. ಕನ್ನಡಿಗರೆಲ್ಲ ಒಂದಾದ ಆ ದಿನದ ಹಿರಿಮೆಯನ್ನು ಅಲ್ಲಗಳೆಯುವ ಮಾತಲ್ಲ. ಆದರೆ ಆ ಒಂಬತ್ತು ಮಂದಿಯದು ಕೇವಲ ಹಟವೂ ಆಗಿರಲಾರದು. ಮಲೆಯ ನೀರು ಬಯಲಿಗೆ ಹರಿದಷ್ಟು ಸುಲಭವಾಗಿ ಬಯಲಿನ ಗಮನ ಮಲೆಗೆ ಏರುವುದಿಲ್ಲ. ಕೊಡಗಿನಲ್ಲಿಯೇ ಕಟ್ಟಿದ ಹಾರಂಗಿ ಅಣೆಕಟ್ಟೆಯ ನೀರಿನಿಂದ ಹಸುರಾಗುವ ಗದ್ದೆಗಳು ಬಹುಮಟ್ಟಿಗೆ ಪಿರಿಯಾಪಟ್ಟಣ, ಹುಣಸೂರುಗಳ ಕಡೆಯವು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಜರಿದು, ಮನೆಗಳು ತೋಟಸಮೇತ ಕೆಸರಾಗಿ ಹೋದುವು. ಎರಡು ವರ್ಷಗಳ ಮೇಲೆ ತಲಕಾವೇರಿಯಲ್ಲಿಯೇ ಬೆಟ್ಟ ಕುಸಿದು ಅರ್ಚಕರ ಮನೆಯನ್ನು ನುಂಗಿತು. ಮಕ್ಕಂದೂರಿನ ಜನ ಪರಿಹಾರ ಶಿಬಿರಗಳಲ್ಲಿ ಮಲಗುವುದಕ್ಕೆ ಒಂದು ತಿಂಗಳು ಮೊದಲು, ಅದೇ ಮಳೆಗಾಲದ ನೀರಿನಿಂದ ಕೃಷ್ಣರಾಜಸಾಗರ ತುಂಬಿ, ಬಯಲಿನಲ್ಲಿ ಕಾವೇರಿಗೆ ಬಾಗಿನ ಅರ್ಪಿಸಿದ್ದರು.