ಅತ್ತೆಯವರ ಶ್ಯಾವಿಗೆ ಮಣೆ

ಮಾವನವರು ತೀರಿಕೊಂಡ ಮೇಲೆ ಹುಲಗೂರಿನ ಮನೆಗೆ ಬೀಗ ಹಾಕಿ ಅತ್ತೆಯವರನ್ನು ಹುಬ್ಬಳ್ಳಿಗೆ ಕರೆತಂದೆವು. ಬಂದಾಗಿನಿಂದ ಅವರಿಗೆ ಊಟ ಸೇರದು. ಏನು ಮಾಡಿಟ್ಟರೂ "ಸಾಕವಾ" ಎಂದು ತಾಟು ಸರಿಸುವರು. ನನ್ನ ಕೈಅಡುಗೆಯೇ ಕೆಟ್ಟಿತೇನೋ ಎಂದು ಒಳಗೊಳಗೇ ಕೊರಗುತ್ತಿದ್ದೆ.

ಒಂದು ರವಿವಾರ ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಹೋದೆವು. ಬೌದ್ಧ ಮಠ ನೋಡಿ, ಹಸಿದು, ಅಲ್ಲಿಯ ಪುಟ್ಟ ಹೋಟೆಲು ಹೊಕ್ಕೆವು. ಮಾಂಸವಿಲ್ಲದ ಥುಕ್ಪಾ ತಾನೇ ಎಂದು ಎರಡೆರಡು ಸಲ ಕೇಳಿ ತರಿಸಿದೆ. ಹಬೆಯಾಡುವ ಸಾರು, ಎಲೆಕೋಸು, ಗಜ್ಜರಿ, ಗೋದಿಹಿಟ್ಟಿನ ಉದ್ದನೆಯ ಎಳೆಗಳು. ಅತ್ತೆಯವರು ಚಮಚೆಯಿಂದ ಎತ್ತಿ ನೋಡಿ, "ಇದು ನಮ್ಮ ಶ್ಯಾವಿಗಿನ ಅಲ್ಲೇನವಾ? ಹಾಲು ಬೆಲ್ಲ ಬಿಟ್ಟು ಖಾರ ಹಾಕ್ಯಾರ" ಎಂದು ನಕ್ಕರು.

ಇವರು ತಮ್ಮ ದೇಶ ಬಿಟ್ಟು ಬಂದವರು, 1966ರಿಂದ ಇಲ್ಲಿ ನೆಲೆಸಿದ್ದಾರೆ ಎಂದೆ. ಅತ್ತೆಯವರು ಬಡಿಸಿದ ಮುದುಕಿಯನ್ನೇ ನೋಡುತ್ತ ಕುಳಿತರು. "ದೇಶಾ ಬಿಟ್ರೂ ಬಾಯಿರುಚಿ ಬಿಟ್ಟಿಲ್ಲ ನೋಡು" ಎಂದರು. ಬಟ್ಟಲು ಬರಿದಾಯಿತು.

ಮರಳುವ ದಾರಿಯಲ್ಲಿ ಮೆಲ್ಲಗೆ ಹೇಳಿದರು: "ಹುಲಗೂರಿಗೆ ಹೋದಾಗ ನನ್ನ ಶ್ಯಾವಿಗಿ ಮಣಿ ತಗೊಂಬಾರವಾ."

ಉಣಿಸುವ ಕೈಗೆ ಕೆಲಸವಿಲ್ಲದೆ ಉಣ್ಣುವ ಬಾಯಿ ಕಟ್ಟಿತ್ತೆಂದು ನನಗೆ ಆಗ ತಿಳಿಯಿತು.