ಅನ್ವಯವೂ ವ್ಯತಿರೇಕವೂ

ದೂರದ ಊರಿನಲ್ಲಿರುವ ಮೊಮ್ಮಗಳಿಗೆ ಪ್ರತಿದಿನ ಸಾಯಂಕಾಲ ಇಂಟರ್ನೆಟ್ಟಿನ ಮೂಲಕ ರಘುವಂಶವನ್ನು ಪಾಠ ಹೇಳುತ್ತಿರುವೆನು. ಕಳೆದ ತಿಂಗಳು ಈ ಪಾಠವು ಕುಂಟತೊಡಗಿತು. ನಾನು ಪ್ರಶ್ನೆ ಕೇಳಿದೊಡನೆ ಆಕೆಯ ಮುಖವು ಚಿತ್ರದಂತೆ ನಿಶ್ಚಲವಾಗುವುದು, ಉತ್ತರವಿಲ್ಲ. ಇದು ಅಶ್ರದ್ಧೆಯೆಂದು ಬಗೆದು ಒಂದು ದಿನ ಗದರಿಸಿದೆನು. ಮರುದಿನ ಆಕೆ ಪಾಠಕ್ಕೆ ಬರಲಿಲ್ಲ.

ಸಂಪರ್ಕದಲ್ಲಿಯೇ ದೋಷವಿರಬಹುದೆಂಬುದು ಆಗ ಹೊಳೆಯಿತು. ಅದನ್ನು ಕೊಟ್ಟವರನ್ನು ದೂರಿದೆನು. ಅವರ ಕಡೆಯ ತರುಣನು ಬಂದು, ತನ್ನ ಲ್ಯಾಪ್‌ಟಾಪನ್ನು ರೂಟರಿಗೆ ತಂತಿಯಿಂದ ಜೋಡಿಸಿ ಅಳೆದನು. 100 ಎಂಬಿಪಿಎಸ್ ಸಂಪರ್ಕದಲ್ಲಿ 94 ಬರುತ್ತಿದ್ದಿತು. ನನ್ನ ಕೋಣೆಯಲ್ಲಿ ವೈಫೈಯಿಂದ ಅಳೆದರೆ ಬರಿಯ 4! “ಮೇಷ್ಟ್ರೇ, ಹೊರಗೆ ಏನೂ ತೊಂದರೆಯಿಲ್ಲ. ಮನೆಯೊಳಗೇ ಇದೆ” ಎಂದನು.

ತಂತಿಯಿದ್ದಲ್ಲಿ ವೇಗ, ತಂತಿಯಿಲ್ಲದಲ್ಲಿ ಮಾಂದ್ಯ: ಪಾಠಶಾಲೆಯಲ್ಲಿ ನಾವು ಕಲಿತ ಅನ್ವಯ-ವ್ಯತಿರೇಕವಲ್ಲದೆ ಇದು ಮತ್ತೇನು? ಅಂದಗೆಡುವುದೆಂದು ಆ ಯಂತ್ರವನ್ನು ಕಬ್ಬಿಣದ ಬೀರುವಿನ ಹಿಂದೆ ಅಡಗಿಸಿದ್ದವನು ನಾನೇ. ಲೋಹವು ಅದರ ಅಲೆಗಳನ್ನು ತಡೆಯುವುದು, ದಪ್ಪ ಗೋಡೆಯು ಕುಗ್ಗಿಸುವುದು. 5 ಗಿಗಾಹರ್ಟ್ಸಿನ ಅಲೆಯು ವೇಗದಲ್ಲಿ ಮೇಲಾದರೂ ಗೋಡೆ ದಾಟುವುದರಲ್ಲಿ 2.4ರ ಅಲೆಗೆ ಸಾಟಿಯಲ್ಲವಂತೆ. ನಡುಮನೆಯಲ್ಲಿ ಎತ್ತರದ ಗೂಡಿನಲ್ಲಿ ಯಂತ್ರವನ್ನಿಟ್ಟೊಡನೆ ನನ್ನ ಕೋಣೆಯಲ್ಲಿ 60 ದೊರೆಯಿತು.

ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳ ಮೌನವನ್ನು ಅಶ್ರದ್ಧೆಯೆಂದೇ ಎಣಿಸಿದವನು ನಾನು. ಅವುಗಳಲ್ಲಿ ಎಷ್ಟಕ್ಕೆ ನಾನೇ ಅಡ್ಡವಾಗಿದ್ದೆನೋ! ಆ ಸಂಜೆ ಮೊಮ್ಮಗಳಲ್ಲಿ ಕ್ಷಮೆ ಬೇಡಿ, ಅನಂತರವೇ ಪುಸ್ತಕವನ್ನು ತೆರೆದೆನು.