ಮಂಚದ ಕೆಳಗಿನ ರೈಲು

ಅರಸೀಕೆರೆಗೂ ಕಡೂರಿಗೂ ನಡುವೆ, ಬಾಣಾವರದಲ್ಲಿ ಬೆಳೆದವರಿಗೆ ರೈಲೇ ಗಡಿಯಾರ. ನಮ್ಮ ಯಜಮಾನರಿಗೆ ಅಷ್ಟು ಸಾಲದು, ಮನೆಯೊಳಗೂ ಒಂದು ರೈಲು ಓಡಬೇಕು. ಪುಣೆಯಲ್ಲಿ ಭಾವೂ ಜೋಶಿಯವರು 1998ರಲ್ಲಿ ತೆರೆದ ಪುಟ್ಟ ರೈಲುಗಳ ಮ್ಯೂಸಿಯಂ ನೋಡಿ ಬಂದಂದಿನಿಂದ ಹಿಡಿದ ಹುಚ್ಚು ಇದು. ನಾವು, ಅಂದರೆ ಅತ್ತೆಯವರು, ಮಗಳು ಮತ್ತು ಇದನ್ನು ಬರೆಯುತ್ತಿರುವ ಸೊಸೆ, ಆ ರೈಲಿನ ಕಾಯಂ ಪ್ರಯಾಣಿಕರು.

ಅವರು ಕಟ್ಟುತ್ತಿರುವುದು 1990ರ ದಶಕದಲ್ಲಿ ಬ್ರಾಡ್ ಗೇಜ್ ಬರುವುದಕ್ಕೂ ಹಿಂದಿನ ಬಾಣಾವರವನ್ನು. ಮೀಟರ್ ಗೇಜ್ ಹಳಿ, ಉಗಿ ಬಿಡುವ ವೈಪಿ ಎಂಜಿನ್. ಎಲ್ಲವೂ ನಿಜದ 87ನೇ ಒಂದು ಪಾಲು. ಆ ಲೆಕ್ಕದಲ್ಲಿ ಒಂದು ಮೀಟರಿನ ಹಳಿ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 16.5 ಮಿಲಿಮೀಟರಿನದು, ಅದು ಯುರೋಪು, ಅಮೆರಿಕದ ರೈಲಿನ ಅಳತೆ. ಹನ್ನೆರಡರ ಹಳಿಯನ್ನು ಹೊರದೇಶದಿಂದ ತರಿಸಬೇಕು. ತಿಪಟೂರಿನಿಂದ ಕೊಬ್ಬರಿ ದುಡ್ಡು ಬಂದ ದಿನ ಈ ಮಾತು ಎತ್ತುತ್ತಾರೆ, ಚಾಣಾಕ್ಷರು! ನಾವು ಮಗಳ ಕಾಲೇಜು ಫೀಸಿನ ಮಾತು ಎತ್ತುತ್ತೇವೆ.

ಇನ್ನು ಜಾಗ. ಇನ್ನೂರು ಮೀಟರ್ ರೈಲನ್ನು ಎಷ್ಟೇ ಕುಗ್ಗಿಸಿದರೂ 2.3 ಮೀಟರ್, ನಮ್ಮ ಮಂಚಕ್ಕಿಂತ ಉದ್ದ. ಮೊದಲು ಪಕ್ಕದ ಕೋಣೆ ಪೂರ್ತಿ ಅದಕ್ಕೇ ಇತ್ತು. ಅತ್ತೆಯವರ ಸೊಂಟದ ಮೂಳೆ ಮುರಿದ ಮೇಲೆ ಬಚ್ಚಲಿಗೆ ಹತ್ತಿರದ ಆ ಕೋಣೆ ಅವರಿಗೆ ಬೇಕಾಯಿತು. ಯಜಮಾನರು ಒಂದು ಮಾತೂ ಆಡದೆ ಬಾಣಾವರವನ್ನು ಗರಗಸದಿಂದ ಮೂರು ತುಂಡು ಮಾಡಿ ಮಂಚದ ಕೆಳಗೆ ತಳ್ಳಿದರು. ಇಶಾ ನಮಾಝಿನ ನಂತರ ಎಳೆದು ಜೋಡಿಸುವುದು, ಮಲಗುವ ಮುನ್ನ ಒಳಗೆ ತಳ್ಳುವುದು.

ಜಾಗದ ಜಗಳ ಅಲ್ಲಿಗೆ ತೀರಿತು. ಹೊತ್ತಿನದು ತೀರಲಿಲ್ಲ. ಆ ಎರಡು ಗಂಟೆಯಲ್ಲೇ ಅತ್ತೆಯವರ ಮಾತ್ರೆ, ಕಾಲಿಗೆ ಎಣ್ಣೆ, ನಾಳೆಯ ಹಿಟ್ಟು, ರಾಶಿ ಪಾತ್ರೆ. ಕಥೆ ಬರೆಯಲು ಉಳಿಯುವುದೂ ಅದೇ ಎರಡು ಗಂಟೆ. ಕಥೆಗೆ ಹಲಗೆ ಬೇಡ, ಹಳಿ ಬೇಡ, ಅಡುಗೆಮನೆಯ ಕಟ್ಟೆಯ ಮೇಲೂ ಬರೆಯಬಹುದು. ಅದಕ್ಕೇ ಇರಬೇಕು, ಅದಕ್ಕೂ ಹೊತ್ತು ಬೇಕೆಂದು ಯಾರಿಗೂ ತೋಚುವುದಿಲ್ಲ. ಮನೆಗೆ ಬಂದ ನೆಂಟರು ರೈಲು ನೋಡಿ "ಎಷ್ಟು ತಾಳ್ಮೆ ಭಾಯ್" ಎನ್ನುತ್ತಾರೆ. ಅಚ್ಚಾದ ಕಥೆ ನೋಡಿ "ಮನೆಗೆಲಸ ಯಾವಾಗ ಮಾಡ್ತೀರಿ?" ಎಂದು ಕೇಳುತ್ತಾರೆ.

ಆಟಿಕೆ ರೈಲಿಗೆ ಹೆಸರಾದ ಜರ್ಮನಿಯ ಮ್ಯಾರ್ಕ್ಲಿನ್ ಕಂಪನಿ 1859ರಲ್ಲಿ ಶುರುಮಾಡಿದ್ದು ಬೊಂಬೆಮನೆಯ ಅಡುಗೆ ಪಾತ್ರೆಗಳಿಂದ. 1866ರಲ್ಲಿ ಯಜಮಾನ ತೀರಿಕೊಂಡ ಮೇಲೆ ಕಂಪನಿಯನ್ನು ಉಳಿಸಿದವಳು ಹೆಂಡತಿ ಕರೋಲಿನ್. ರೈಲು ಬಂದದ್ದು ಆಮೇಲೆ, 1891ರಲ್ಲಿ, ಮಕ್ಕಳ ಕಾಲದಲ್ಲಿ. ಇದನ್ನು ನಾವು ಊಟದ ಹೊತ್ತಿನಲ್ಲಿ ಓದಿ ಹೇಳಿದೆವು. ಯಜಮಾನರು ನಕ್ಕರು, ಆಮೇಲೆ ಕ್ಯಾಲೆಂಡರ್ ತೆಗೆದರು. ಈಗ ಸೋಮವಾರ, ಬುಧವಾರ, ಶನಿವಾರ ರೈಲು. ಮಂಗಳವಾರ, ಗುರುವಾರ ಅತ್ತೆಯವರ ಎಣ್ಣೆ, ಪಾತ್ರೆ ಎರಡೂ ಅವರ ಪಾಲಿಗೆ. ಆ ರಾತ್ರಿ ಕಥೆ. ಉಳಿದ ಎರಡು ದಿನಕ್ಕೆ ಈಗಲೂ ಚೌಕಾಸಿ ನಡೆಯುತ್ತದೆ. ಪಾತ್ರೆಗಳಲ್ಲಿ ಸೋಪು ಉಳಿಯುತ್ತದೆ, ನಿಜ. ನಾವು ಸುಮ್ಮನಿರುತ್ತೇವೆ.

ಮೊನ್ನೆ ಅತ್ತೆಯವರು ಮಲಗಿದಲ್ಲಿಂದಲೇ ಕೇಳಿದರು: "ಬೇಟಾ, ಇದರಲ್ಲಿ ಹೆಂಗಸರ ಡಬ್ಬಿ ಎಲ್ಲಿ?" ಇರಲಿಲ್ಲ. ಈಗ ರಟ್ಟಿನಲ್ಲಿ ಕತ್ತರಿಸಿದ್ದಾಗಿದೆ, ಗೇಣುದ್ದ ಇದೆ. ಬಣ್ಣ ಹಚ್ಚಿಲ್ಲ. ಎರಡು ವಾರದಿಂದ ತೋಟದ ಮೋಟಾರು ಕೆಟ್ಟಿದೆ.